ತಡಮೆಯ ಹತ್ತಿರ ನಿಂತದ್ದಕ್ಕೆ ಇಂಗ್ಲಿಷಿನಲ್ಲಿ ಎಂತ ಹೇಳುವುದು

ಕೋರ್ಟಿನಲ್ಲಿ ಭಾಷಾಂತರ ಮಾಡುವವರಿಗೆ ನಾಮಪದಗಳಿಂದ ಏನೂ ತೊಂದರೆ ಇಲ್ಲ. ತೆಂಗಿನಮರ ತೆಂಗಿನಮರವೇ, ಬಾವಿ ಬಾವಿಯೇ. ಸಂಶಯ ಬಂದರೆ ವಕೀಲರು ಫೋಟೋ ತಂದು ತೋರಿಸುತ್ತಾರೆ. ಜೀವ ತಿನ್ನುವುದು ಕ್ರಿಯಾಪದ. ಒಬ್ಬ ಇನ್ನೊಬ್ಬನ ಅಂಗಳಕ್ಕೆ ಹೋದನೋ, ನುಗ್ಗಿದನೋ, ಇಣುಕಿದನೋ ಎನ್ನುವುದರ ಮೇಲೆ ಇಡೀ ಕೇಸು ನಿಂತಿರುತ್ತದೆ. ಆ ಹೊತ್ತಿಗೆ ಎಲ್ಲರೂ ತಿರುಗಿ ನೋಡುವುದು ಸಾಕ್ಷಿಯನ್ನಲ್ಲ, ಪಕ್ಕದಲ್ಲಿ ನಿಂತ ನಮ್ಮನ್ನು. ಈಚೆಗೆ ಈ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದು, ಮೇಡಂ, ಎಂತಾದರೂ ಟಿಪ್ಸ್ ಕೊಡಿ ಎಂದು ಕೇಳಿದಳು. ಚಹಾ ಕೊಟ್ಟೆ. ಟಿಪ್ಸ್ ಕೊಡುವಷ್ಟು ಬುದ್ಧಿ ಇದ್ದಿದ್ದರೆ ನಾನು ವಕೀಲಿಕೆ ಮಾಡುತ್ತಿದ್ದೆ. ಆದರೆ ಕಂಡದ್ದನ್ನು ಬರೆದಿಡಬಹುದಲ್ಲ, ಅದಕ್ಕೆ ಕುಳಿತಿದ್ದೇನೆ.

ನಮ್ಮ ಕಾಸರಗೋಡಿನಲ್ಲಿ ಕೋರ್ಟಿಗೆ ಬರುವ ಜನ ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಸಿಟ್ಟು ಬಂದಾಗ ಮತ್ತೊಂದು ಮಾತಾಡುವವರು. ಮುನ್ಸಿಫರು ಹೆಚ್ಚಾಗಿ ತಿರುವನಂತಪುರದ ಕಡೆಯಿಂದ ವರ್ಗವಾಗಿ ಬರುವವರು. ಅವರಿಗೆ ಮಲಯಾಳ ಮತ್ತು ಇಂಗ್ಲಿಷು. ನಡುವೆ ನಾನು. ನಾನು ಪೈವಳಿಕೆಯವಳು. ಮನೆಯಲ್ಲಿ ಕನ್ನಡ, ಬೇಲಿಯಾಚೆ ತುಳು, ಶಾಲೆಯ ಗೆಳತಿಯರಿಂದ ಕೊಂಕಣಿ, ಬಸ್ಸಿನಲ್ಲಿ ಮಲಯಾಳ. ಇದನ್ನು ಒಂದು ವಿದ್ಯೆ ಎಂದು ನಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ, ಸಂಬಳ ಬರುವವರೆಗೆ.

ಮೊದಲ ಪಾಠ ಕಲಿತದ್ದು ದೇಲಂಪಾಡಿಯ ಅಜ್ಜನೊಬ್ಬನಿಂದ. ಗಡಿ ತಕರಾರಿನ ಕೇಸು. ಪಾಟೀ ಸವಾಲು ಮಾಡುತ್ತಿದ್ದವರು ನಂಬಿಯಾರ್ ವಕೀಲರು. ಒಂದೇ ಪ್ರಶ್ನೆಯನ್ನು ಹಿಂದುಮುಂದು ಮಾಡಿ ಕೇಳುವುದರಲ್ಲಿ ಅವರು ಎತ್ತಿದ ಕೈ. ಅಜ್ಜನ ತಾಳ್ಮೆ ತಪ್ಪಿತು. ನಿಮ್ಮ ಅಪ್ಪ ಎಂಥಾ ಒಳ್ಳೆ ಮನುಷ್ಯ, ಅವರ ಹೊಟ್ಟೆಯಲ್ಲಿ ಹುಟ್ಟಿ ನಿಮಗೆ ಇದೆಂತ ಬಂತು ಎಂದು ಬೆರಳು ತೋರಿಸಿ ಬೈದ. ಭಾಷಾಂತರಕಾರರು ಸಾಕ್ಷಿ ಹೇಳಿದ್ದನ್ನು 'ಅವನು ಹೀಗೆಂದ' ಎಂದು ಹೇಳುವಂತಿಲ್ಲ, 'ನಾನು' ಎಂದೇ ಹೇಳಬೇಕು. ಹೊಸ ಉತ್ಸಾಹ ಬೇರೆ. ನಾನೂ ನಂಬಿಯಾರರತ್ತ ಬೆರಳು ತೋರಿಸಿ, ಅಜ್ಜನಷ್ಟೇ ಗಟ್ಟಿ ಸ್ವರದಲ್ಲಿ, ಸ್ವಚ್ಛ ಇಂಗ್ಲಿಷಿನಲ್ಲಿ ಅವರ ತಂದೆಯನ್ನು ಹೊಗಳಿ ಅವರನ್ನು ಬೈದೆ. ಆ ಮಳೆಗಾಲವಿಡೀ ಅವರು ನನ್ನ ಹತ್ತಿರ ಮಾತಾಡಲಿಲ್ಲ.

ಸಂಜೆ ನಮ್ಮ ಶಿರಸ್ತೇದಾರರು ಕರೆದರು. ಕಡತಗಳ ನಡುವೆಯೇ ತಲೆ ನರೆತವರು, ಯಾರಿಗೂ ಏರಿದ ಸ್ವರದಲ್ಲಿ ಹೇಳಿದವರಲ್ಲ. "ಬಾಯಿ ಸಾಕ್ಷಿಯದ್ದು, ಕೈ ನಿಮ್ಮದು. ನಾಳೆಯಿಂದ ಕೈ ಕಟ್ಟಿ ನಿಂತುಕೊಳ್ಳಿ" ಎಂದರು. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪದೇಶ ನನ್ನಲ್ಲಿಲ್ಲ. ಅಂದಿನಿಂದ ಕೈ ಕಟ್ಟಿಯೇ ನಿಂತೆ. ಈಗಲೂ ಮನೆಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ನನ್ನ ಕೈ ತನ್ನಷ್ಟಕ್ಕೆ ಕಟ್ಟಿಕೊಳ್ಳುತ್ತದೆ, ಮಗಳು ನಗುತ್ತಾಳೆ.

ಕೈಯ ಸಮಸ್ಯೆ ಮುಗಿದರೆ ತಲೆಯ ಸಮಸ್ಯೆ. ನಮ್ಮ ಜನ ಹೌದು ಎನ್ನುವುದಕ್ಕೂ, ಇರಬಹುದು ಎನ್ನುವುದಕ್ಕೂ, ನಿಮಗೆ ಬೇಕಾದ ಹಾಗೆ ಬರೆದುಕೊಳ್ಳಿ ಎನ್ನುವುದಕ್ಕೂ ತಲೆಯನ್ನು ಒಂದೇ ರೀತಿ ಅಲ್ಲಾಡಿಸುತ್ತಾರೆ. ಇಲ್ಲ ಎನ್ನಲಿಕ್ಕೆ ನಾಲಗೆಯಲ್ಲಿ 'ಚ್' ಎಂದು ಸದ್ದು ಮಾಡುತ್ತಾರೆ. ಆ 'ಚ್' ಅನ್ನು ನಾನು ಇಂಗ್ಲಿಷಿಗೆ ತಿರುಗಿಸಿದಾಗಲೆಲ್ಲ ಯಾರಾದರೂ ಒಬ್ಬ ವಕೀಲರು ಎದ್ದು, ಸಾಕ್ಷಿ ಬಾಯಿಯನ್ನೇ ತೆರೆಯಲಿಲ್ಲ, ಇವರು ಹೇಳಿಕೆ ಕೊಡುತ್ತಿದ್ದಾರೆ ಎಂದು ತಕರಾರು ತೆಗೆಯುತ್ತಿದ್ದರು. ಹೀಗೇ ದಿನ ಹೋಗುತ್ತಿತ್ತು. ಬೆರಳಚ್ಚಿನ ಟಕಟಕ ನಿಂತು ಕಂಪ್ಯೂಟರು ಬಂತು, ನಾಲಗೆಯ ಸದ್ದಿಗೆ ಅದರಲ್ಲೂ ಕೀಲಿ ಇರಲಿಲ್ಲ.

ಹೀಗಿರುವಾಗ ನಮ್ಮ ಕೋರ್ಟಿಗೆ ಒಬ್ಬ ಮುನ್ಸಿಫರು ಬಂದರು. ಸಣ್ಣ ಪ್ರಾಯ, ತೆಳ್ಳಗಿನ ಮನುಷ್ಯ. ಕಾನೂನು ಓದುವ ಮೊದಲು ಇಂಗ್ಲಿಷ್ ಸಾಹಿತ್ಯ ಓದಿದವರು, ಅದು ಅವರಿಂದ ಬಿಟ್ಟುಹೋಗಿರಲಿಲ್ಲ. ಸಾಕ್ಷಿ ಹೇಳಿಕೆಗಳನ್ನು ಇಂಗ್ಲಿಷಿನಲ್ಲೇ ಬರೆಸಿಕೊಳ್ಳುತ್ತಿದ್ದರು. ಸಾಕ್ಷಿ 'ಹೋದ' ಎಂದರೆ ಅವರಿಗೆ ಸಾಕಾಗುತ್ತಿರಲಿಲ್ಲ. ಹೇಗೆ ಹೋದ? ತಿರುಗಾಡುತ್ತ ಸ್ಟ್ರೋಲ್ ಮಾಡಿದನೋ, ಕಾಲೆಳೆದು ಟ್ರಡ್ಜ್ ಮಾಡಿದನೋ, ಆರಾಮಾಗಿ ಸಾಂಟರ್ ಮಾಡಿದನೋ? ಕೇಳಿ ಹೇಳಿ ಎನ್ನುತ್ತಿದ್ದರು. ನಾನು ಕೈ ಕಟ್ಟಿ ಸಾಕ್ಷಿಯನ್ನು ಕೇಳುತ್ತಿದ್ದೆ. ಸೀತಾಂಗೋಳಿಯ ರಿಕ್ಷಾದವನೊಬ್ಬ ನನ್ನನ್ನೇ ನೋಡಿ, "ಹೋದ ಅಂದ್ರೆ ಹೋದ ಮಾರಾಯ್ರೆ, ಹಾರ್ಲಿಕ್ಕೆ ಅವನಿಗೆ ರೆಕ್ಕೆ ಉಂಟಾ?" ಎಂದ. ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಮುನ್ಸಿಫರು ನಗಲಿಲ್ಲ, 'ಪ್ರೊಸೀಡೆಡ್' ಎಂದು ಬರೆಸಿದರು.

ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ದಪ್ಪ ಡಿಕ್ಷನರಿ ತಂದೆ. ಬಸ್ಸಿನಲ್ಲಿ ಓದಲು ಶುರು ಮಾಡಿದೆ, ಇಳಿಯಬೇಕಾದ ಸ್ಟಾಪ್ ದಾಟಿ ಹೋಗತೊಡಗಿದೆ. ಇಂಗ್ಲಿಷರು ನಡೆಯುವುದಕ್ಕೇ ಇಷ್ಟು ಬಗೆ ಮಾಡಿಕೊಂಡಿದ್ದಾರಲ್ಲ, ಇವರು ತಲುಪುವುದು ಯಾವಾಗ ಎಂದು ಆಶ್ಚರ್ಯವಾಗುತ್ತಿತ್ತು. ಹುಚ್ಚು ನನಗೂ ಹಿಡಿಯಿತು ಎಂದು ಶಿರಸ್ತೇದಾರರಿಗೆ ಗೊತ್ತಾಯಿತು.

ಆಗ ಬಂತು ಕಾರ್ಮಿನ್ ಬಾಯಿಯವರ ಕೇಸು.

ಕಾರ್ಮಿನ್ ಬಾಯಿ ಪೈವಳಿಕೆಯ ಕಡೆಯವರು, ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಮಾತಾಡುವ ಕ್ರೈಸ್ತರು. ಅಂಥ ಮನೆಯ ಹೆಂಗಸರನ್ನು ನಮ್ಮಲ್ಲಿ ಬಾಯಿ, ಬಾಯಮ್ಮ ಎನ್ನುವುದು. ಎಪ್ಪತ್ತು ದಾಟಿದ ಹೆಂಗಸು, ಮೊಣಕಾಲು ನೋವು, ಎರಡು ದನ. ಬೆಳಿಗ್ಗೆ ಕರೆದ ಹಾಲನ್ನು ಕ್ಯಾನಿನಲ್ಲಿ ತುಂಬಿ ರಸ್ತೆ ಬದಿಯ ಸೊಸೈಟಿಗೆ ಮುಟ್ಟಿಸಬೇಕು. ರಸ್ತೆಗೆ ಹೋಗುವ ದಾರಿ ಇದ್ದದ್ದು ನೆರೆಯ ಈಶ್ವರ ಭಟ್ಟರ ಅಂಗಳದ ಬದಿಯಲ್ಲಿ. ಆ ದಾರಿಯ ಬಾಯಲ್ಲಿ ಒಂದು ತಡಮೆ. ದನ ನುಗ್ಗದಂತೆ, ಮನುಷ್ಯರು ಮಾತ್ರ ಕಾಲೆತ್ತಿ ದಾಟುವಂತೆ ಅಡ್ಡಮರ ಹಾಕುತ್ತಾರಲ್ಲ, ಅದು. ಭಟ್ಟರು ಒಂದು ದಿನ ಆ ತಡಮೆ ಕಿತ್ತು ಕೆಂಪುಕಲ್ಲಿನ ಗೋಡೆ ಎಬ್ಬಿಸಲು ಶುರು ಮಾಡಿದರು. ಗೋಡೆ ಸೊಂಟದೆತ್ತರಕ್ಕೆ ಬಂದಾಗ ಬಾಯಿಯವರಿಗೆ ಕೋರ್ಟಿನ ತಡೆ ಸಿಕ್ಕಿತು. ಆದರೆ ಸೊಂಟದೆತ್ತರದ ಗೋಡೆಯನ್ನು ಹಾಲಿನ ಕ್ಯಾನ್ ಹಿಡಿದ ಮುದುಕಿ ಹಾರುವುದು ಹೇಗೆ? ತೋಡು ಸುತ್ತಿ ಹೋಗಬೇಕಾಯಿತು. ಹೋಗುವಷ್ಟರಲ್ಲಿ ಸೊಸೈಟಿ ಬಾಗಿಲು ಹಾಕಿರುತ್ತಿತ್ತು. ಕೇಸು ಸೋತರೆ ದನ ಮಾರುವುದೇ ಎಂದು ಅವರ ವಕೀಲರು ಮೊದಲ ದಿನವೇ ಹೇಳಿದ್ದರು.

ಭಟ್ಟರ ಪರ ನಂಬಿಯಾರ್ ವಕೀಲರು. ಅವರ ವಾದ ಇಷ್ಟು: ದಾರಿ ಇದ್ದದ್ದು ಹೌದು, ಆದರೆ ಅದು ಹಕ್ಕಲ್ಲ, ನೆರೆಯವರೆಂದು ಬಿಟ್ಟದ್ದು. ಅದೂ ಅಲ್ಲದೆ ಈ ಹೆಂಗಸು ನಡೆದು ಹೋಗುವುದೇ ಇಲ್ಲ, ತಡಮೆಯ ಹತ್ತಿರ ಸುಮ್ಮನೆ ನಿಲ್ಲುತ್ತಾಳೆ.

ಬಾಯಿಯವರು ಕಟಕಟೆಗೆ ಬಂದರು. ತಲೆಗೆ ಸೆರಗು, ಕೈಯಲ್ಲಿ ಕರವಸ್ತ್ರ. ನನ್ನನ್ನು ನೋಡಿ ಧೈರ್ಯ ಬಂದ ಹಾಗೆ ಕಂಡಿತು. ನಂಬಿಯಾರರು ಕೇಳಿದರು, ಅಲ್ಲಿ ನಿಲ್ಲುತ್ತಿದ್ದದ್ದು ಹೌದೇ? ಹೌದು. ಎಷ್ಟು ಹೊತ್ತು? ಅದು ಹಾಗೆ ಎಂತ ಹೇಳುವುದು, ಕ್ಯಾನ್ ಕಲ್ಲಿನ ಮೇಲೆ ಇಟ್ಟರೆ ಆಯ್ತು. ಅಲ್ಲಿ ಕೆಲಸ ಏನು? ಕೆಲಸ ಎಂತದೂ ಇಲ್ಲ. ಮತ್ತೆ ಯಾಕೆ ನಿಲ್ಲುವುದು?

ಬಾಯಿಯವರು ನನ್ನ ಕಡೆ ತಿರುಗಿದರು. "ಹೋಗ್ಲಿಕ್ಕೆ ಮನಸ್ಸು ಬರುದಿಲ್ಲ ಮಗಳೇ, ಅದಕ್ಕೆ ನಿಲ್ಲುದು" ಎಂದರು.

ನನ್ನ ಬಾಯಿಂದ ಬಂತು: ಐ ಲಿಂಗರ್ಡ್.

ನಂಬಿಯಾರರು ಕೂಡಲೇ ಎದ್ದರು. ಲಿಂಗರ್ ಅಲ್ಲ, ಲಾಯ್ಟರ್ ಎಂದು ಬರೆಯಬೇಕು ಎಂದರು. ಕೆಲಸವಿಲ್ಲದೆ ಒಬ್ಬರ ಜಾಗದಲ್ಲಿ ನಿಲ್ಲುವುದಕ್ಕೆ ಕಾನೂನಿನಲ್ಲಿರುವ ಪದ ಅದು, ಲಿಂಗರ್ ಪದ್ಯದ ಪದ. ಮುನ್ಸಿಫರ ಮುಖ ಅರಳಿತು. ನಾಲ್ಕು ತಿಂಗಳಿಂದ ಅವರ ಕೋರ್ಟಿನಲ್ಲಿ ಒಂದು ಕ್ರಿಯಾಪದಕ್ಕಾಗಿ ಎರಡು ಕಡೆ ಹೋರಾಡಿದ್ದು ಇದೇ ಮೊದಲು. ಎರಡಕ್ಕೂ ವ್ಯತ್ಯಾಸ ಏನೆಂದು ಪ್ರಮಾಣ ಮಾಡಿದ ಭಾಷಾಂತರಕಾರರೇ ಹೇಳಲಿ ಎಂದರು.

ಬಸ್ಸಿನಲ್ಲಿ ಓದಿದ್ದೆಲ್ಲ ಆ ಕ್ಷಣ ಮರೆತುಹೋಯಿತು. "ಕಳ್ಳ ಲಾಯ್ಟರ್ ಮಾಡ್ತಾನೆ ಸಾರ್, ನೆಂಟ ಲಿಂಗರ್ ಮಾಡ್ತಾನೆ" ಎಂದೆ.

ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಮುನ್ಸಿಫರು ಲಿಂಗರ್ ಎಂದೇ ಬರೆಸಿದರು. ಬರೆಸುತ್ತ, ಪುಸ್ತಕಗಳಲ್ಲಿ ಈ ಪದ ಎಲ್ಲೆಲ್ಲಿ ಬರುತ್ತದೆ ಎಂದು ಒಂದು ಸಣ್ಣ ಕ್ಲಾಸನ್ನೂ ತೆಗೆದುಕೊಂಡರು. ಸಂಜೆಯ ಬೆಳಕು ಗುಡ್ಡದ ಮೇಲೆ ಲಿಂಗರ್ ಆಗುತ್ತದೆ, ಹೂ ತೆಗೆದ ಮೇಲೆ ಪರಿಮಳ ಲಿಂಗರ್ ಆಗುತ್ತದೆ, ಹಾಸಿಗೆ ಹಿಡಿದು ಜೀವ ಹೋಗದವರೂ ಲಿಂಗರ್ ಆಗುತ್ತಾರೆ. ಕವಿಗಳು ಈ ಪದವನ್ನು ಇಡುವುದು ಹೋಗಬೇಕಾದದ್ದು ಹೋಗದೆ ಉಳಿದ ಕಡೆ ಎಂದರು. ನಾನು ಹಿಗ್ಗಿ ನಿಂತಿದ್ದೆ, ಕೈ ಕಟ್ಟಿದ್ದರೂ ಗಲ್ಲ ಮೇಲೆ ಹೋಗಿತ್ತು.

ನಂಬಿಯಾರರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗದಿದ್ದರೆ ಹೆದರಬೇಕು ಎಂದು ನನಗೆ ಗೊತ್ತಿರಬೇಕಿತ್ತು. ನಿಧಾನ ಎದ್ದು, ನಾನು ಆ ಪದವನ್ನು ಒಪ್ಪುತ್ತೇನೆ ಎಂದರು. ಭಾಷಾಂತರಕಾರರು ಹೇಳಿದ ಅರ್ಥವನ್ನೂ ಒಪ್ಪುತ್ತೇನೆ. ಇವರು ಅಲ್ಲಿ ನೆಂಟರಾಗಿ ನಿಂತವರು. ನೆಂಟರನ್ನು ಕರೆಯುವುದು ಪ್ರೀತಿಯಿಂದ, ನೆಂಟರಿಗೆ ಹಕ್ಕು ಇರುವುದಿಲ್ಲ. ಆ ಪ್ರೀತಿ ಇದ್ದದ್ದು ನನ್ನ ಕಕ್ಷಿದಾರರ ಹೆಂಡತಿ ಸಾವಿತ್ರಮ್ಮನವರಿಗೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಅದರ ನಂತರವೂ ಈಕೆ ದಿನಾ ಅಲ್ಲಿ ನಿಂತಿದ್ದಾರೆ. ಯಾರೊಟ್ಟಿಗೆ?

ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಕೇಳಿದೆ. ಬಾಯಿಯವರು ಕರವಸ್ತ್ರ ಮಡಚಿದರು, ಬಿಡಿಸಿದರು. ಸಾಕ್ಷಿ ಮೌನ ಎಂದು ಬರೆಯಲಾಯಿತು.

ಡಿಕ್ಷನರಿಯಿಂದ ಹೆಕ್ಕಿದ ಒಂದು ಚಂದದ ಪದದಿಂದ ಬಾಯಿಯವರ ಎರಡು ದನ ಸಂತೆಗೆ ಹೋಗುವ ಹಾಗೆ ಆಯಿತಲ್ಲ. 'ನಿಂತೆ' ಎಂದು ಮೊದ್ದು ಮೊದ್ದಾಗಿ ಹೇಳಿ ಸುಮ್ಮನಿದ್ದರೆ ಆಗುತ್ತಿರಲಿಲ್ಲವೇ? ಶಿರಸ್ತೇದಾರರ ಮುಖ ನೋಡಿದೆ. ಅವರು ಕಡತ ಕಟ್ಟುತ್ತಿದ್ದರು. ನಾನು ಆ ವಾರ ಬಸ್ಸಿನಲ್ಲಿ ಡಿಕ್ಷನರಿ ತೆರೆಯಲಿಲ್ಲ.

ತೀರ್ಪು ಕೊಡುವ ಮೊದಲು ಜಾಗವನ್ನು ತಾನೇ ನೋಡಬೇಕೆಂದು ಮುನ್ಸಿಫರು ಹೇಳಿದರು. ಒಂದು ಶನಿವಾರ ಜೀಪಿನಲ್ಲಿ ಹೊರಟೆವು. ಅಳತೆ ಆಯಿತು, ಗೋಡೆ ನೋಡಿದ್ದಾಯಿತು, ತೋಡಿನ ದಾರಿಯಲ್ಲಿ ಮುನ್ಸಿಫರ ಚಪ್ಪಲಿ ಒಮ್ಮೆ ಕೆಸರಿನಲ್ಲಿ ಉಳಿದೂ ಆಯಿತು. ಎಲ್ಲ ಮುಗಿದ ಮೇಲೆ ಮುನ್ಸಿಫರು ಕೈ ಮುಗಿದು ಹೊರಟರು. ಭಟ್ಟರು ಅವರನ್ನು ಕಳುಹಿಸಿಕೊಡಲು ಹಿಂದೆಯೇ ಬಂದರು, ಮೊದಲು ತಡಮೆ ಇದ್ದ ಜಾಗದವರೆಗೆ. ತಮ್ಮ ಮೇಲಿನ ಕೇಸು ನಡೆಸುವ ಕೋರ್ಟೇ ಆದರೂ ಮನೆಗೆ ಬಂದವರನ್ನು ಜಗಲಿಯಿಂದಲೇ ಕಳುಹಿಸಿದರೆ ಮರ್ಯಾದೆ ಅಲ್ಲ.

ಹೊರಗಿನಿಂದ ಬಂದವರಿಗೆ ಇದು ಗೊತ್ತಾಗುವುದಿಲ್ಲ. ನಮ್ಮಲ್ಲಿ ಜಗಲಿಯಲ್ಲಿ ಕುಳಿತು ಆಡುವ ಮಾತು ಬರೀ ಉಪಚಾರದ್ದು. 'ಬರ್ತೇನೆ' ಎಂದು ಎದ್ದು, ಅಂಗಳ ದಾಟಿ, ತಡಮೆಗೆ ಕೈ ಇಟ್ಟ ಮೇಲೆ ನಿಜವಾದ ಮಾತು ಶುರುವಾಗುವುದು. ಮಗಳಿಗೆ ಗಂಡು ನೋಡಿದ್ದು, ಯಜಮಾನರಿಗೆ ಎದೆನೋವು ಬಂದದ್ದು, ತಮ್ಮ ಮಾತು ಬಿಟ್ಟದ್ದು ಎಲ್ಲ ಹೊರಬೀಳುವುದು ಅಲ್ಲಿಯೇ. ಕುಳಿತಾಗ ಬಾರದ ಮಾತು ನಿಂತಾಗ ಬರುತ್ತದೆ.

ಮುನ್ಸಿಫರು ಜೀಪಿನ ಕಡೆ ಒಂದು ಕಾಲು ಇಟ್ಟಿದ್ದರು. ಭಟ್ಟರು ಅರ್ಧ ಗೋಡೆಗೆ ಕೈ ಊರಿ, "ಮತ್ತೆಂತ ಸಾರ್?" ಎಂದರು.

ಮುನ್ಸಿಫರು ನನ್ನನ್ನು ನೋಡಿದರು. ಏನು ಕೇಳುತ್ತಿದ್ದಾರೆ ಎಂದರು. ಇದಕ್ಕೆ ಇಂಗ್ಲಿಷ್ ಇಲ್ಲ ಸಾರ್, ನೀವು ಸುಮ್ಮನೆ ನಿಲ್ಲಬೇಕು ಎಂದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡು ನಿಂತರು.

ಭಟ್ಟರು ಮೊದಲು ಮಳೆಯ ಬಗ್ಗೆ ಹೇಳಿದರು. ಆಮೇಲೆ ಬಾವಿಯ ಬಗ್ಗೆ. ಆಮೇಲೆ ಗೋಡೆಯ ಬದಿಯ ಹಲಸಿನ ಮರ ತೋರಿಸಿ, ಇದು ನನ್ನ ತಂದೆ ನೆಟ್ಟದ್ದು ಎಂದರು. ಗೋಡೆಯ ಆಚೆ ನಿಂತಿದ್ದ ಕಾರ್ಮಿನ್ ಬಾಯಿ, ಅಲ್ಲ, ಅದು ಸಾವಿತ್ರಕ್ಕ ನೆಟ್ಟದ್ದು ಎಂದರು. ನಮ್ಮ ಮನೆಯ ಹಣ್ಣಿನ ಬೀಜ ಅದು, ತಡಮೆಯಲ್ಲಿ ನಿಂತು ತಿಂದು ಅಲ್ಲೇ ಒತ್ತಿದ್ದು. ಭಟ್ಟರು, ಹೌದಾ ಎಂದರು. ಎರಡು ವರ್ಷದಲ್ಲಿ ಅವರಿಬ್ಬರು ವಕೀಲರಿಲ್ಲದೆ ಆಡಿದ ಮೊದಲ ಮಾತು ಅದು. ನಂಬಿಯಾರರಿಗೆ ಅಪಾಯದ ವಾಸನೆ ಬಡಿಯಿತು. ಭಟ್ಟರೇ ಸಾಕು, ಒಳಗೆ ಹೋಗುವ ಎಂದು ತೋಳು ಹಿಡಿದರು. ಜೀಪಿನವನು ಹಾರ್ನ್ ಹಾಕಿದ. ಭಟ್ಟರು ಕದಲಲಿಲ್ಲ.

"ಅವಳು ಹೋದ ಮೇಲೂ ಇವರು ದಿನಾ ಬಂದು ಇಲ್ಲಿ ನಿಲ್ಲುದು" ಎಂದರು. ಮುನ್ಸಿಫರಿಗೆ ಹೇಳುತ್ತಿದ್ದರೋ ಹಲಸಿನ ಮರಕ್ಕೋ ಗೊತ್ತಾಗಲಿಲ್ಲ. "ನಾನು ಜಗಲಿಯಲ್ಲಿ ಕೂತು ನೋಡುದು. ಆ ಕಡೆ ಬಾಯಮ್ಮ ಉಂಟು, ಈ ಕಡೆ ಯಾರೂ ಇಲ್ಲ. ನನಗೆ ಅದು ನೋಡ್ಲಿಕ್ಕೆ ಆಗುದಿಲ್ಲ. ಅದಕ್ಕೆ ಗೋಡೆ ಕಟ್ಟಿದ್ದು."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. 'ನಾನು' ಎಂದೇ ಹೇಳಬೇಕಿತ್ತು. ಐ ಕೆನಾಟ್ ಬೇರ್ ಎನ್ನುವಲ್ಲಿಗೆ ನನ್ನ ಸ್ವರ ನಿಂತಿತು. ಕೈ ಕಟ್ಟಿಯೇ ಇದ್ದೆ, ಕಣ್ಣು ಒರೆಸಲೂ ಕೈ ಬಿಡಲಿಲ್ಲ. ಮುನ್ಸಿಫರು, ಸಾಕು, ಅರ್ಥವಾಯಿತು ಎಂದು ಮೆಲ್ಲನೆ ಹೇಳಿದರು. ಹೋಗಬೇಕಾದದ್ದು ಹೋಗದೆ ಉಳಿದ ಕಡೆ ಎಂದು ಅವರೇ ಹೇಳಿದ್ದರಲ್ಲ, ಅದೇ ಇದು.

ಕಾರ್ಮಿನ್ ಬಾಯಿ ಗೋಡೆಯ ಮೇಲಿನ ಸಿಮೆಂಟು ಕೆರೆಯುತ್ತ ನಿಂತಿದ್ದರು.

"ಮೊದಲೇ ಹೇಳ್ಬಾರ್ದಿತ್ತಾ ಭಟ್ರೇ" ಎಂದರು. "ಈ ಕಡೆ ನೀವೇ ಬಂದು ನಿಂತಿದ್ರೆ ಆಗ್ತಿತ್ತಲ್ಲ."

ನಂಬಿಯಾರರು ಭಟ್ಟರ ತೋಳು ಬಿಟ್ಟು ಕನ್ನಡಕ ಒರೆಸಿಕೊಂಡರು.

ಕೇಸು ರಾಜಿಯಲ್ಲಿ ಮುಗಿಯಿತು. ಗೋಡೆ ತೆಗೆದು ಮೊದಲಿನ ಜಾಗದಲ್ಲೇ ತಡಮೆ ಹಾಕುವುದು, ಅದೂ ಬಾಯಿಯವರ ಮೊಣಕಾಲಿಗೆ ಆಗುವ ಹಾಗೆ ತಗ್ಗಿಸಿ. ರಾಜಿಯ ಕರಡನ್ನು ನಂಬಿಯಾರರೇ ಬರೆದರು. ವಾದಿಗೆ ಈ ದಾರಿಯಲ್ಲಿ ಹೋಗುವ ಮತ್ತು ಬರುವ ಹಕ್ಕು ಉಂಟು ಎಂದು ಎಲ್ಲ ರಾಜಿಗಳಲ್ಲಿ ಬರೆಯುವ ಹಾಗೆ. ನಾನು ಅದನ್ನು ಭಟ್ಟರಿಗೆ ಕನ್ನಡದಲ್ಲಿ ಓದಿ ಹೇಳಿದಾಗ ಅವರು, ನಿಲ್ಲುವ ವಿಷಯ ಬರೆಯಲಿಲ್ಲವಲ್ಲ ಎಂದರು. ನಂಬಿಯಾರರು ನಿಟ್ಟುಸಿರು ಬಿಟ್ಟು ಪೆನ್ನನ್ನು ನನ್ನ ಕಡೆ ಚಾಚಿ, ಪದ ನೀವೇ ಹೇಳಿ ಮೇಡಂ, ತಂದವರು ನೀವಲ್ಲವೇ ಎಂದರು. ಕೊನೆಗೆ ಅದು ಹೀಗೆ ಟೈಪಾಯಿತು: ಟು ಪಾಸ್, ರೀಪಾಸ್ ಆ್ಯಂಡ್ ಲಿಂಗರ್. ಭಟ್ಟರೂ ನಿಲ್ಲಬೇಕು ಎಂದು ಅದರಲ್ಲಿ ಸೇರಿಸಿ ಎಂದು ಬಾಯಿಯವರು ಹಟ ಮಾಡಿದರು. ಒಬ್ಬ ಮನುಷ್ಯನನ್ನು ಲಿಂಗರ್ ಮಾಡು ಎಂದು ಆಜ್ಞೆ ಮಾಡುವ ಅಧಿಕಾರ ಕೋರ್ಟಿಗಿಲ್ಲ ಎಂದು ಮುನ್ಸಿಫರು ಬಹಳ ಬೇಸರದಿಂದಲೇ ಹೇಳಿ, ಆ ಸಾಲನ್ನು ಎರಡು ಸಲ ಓದಿ, ಸಹಿ ಹಾಕಿದರು.

ಈಗ ಎಲ್ಲ ಫೋನಿನಲ್ಲಿ ಉಂಟು. ಮೊನ್ನೆ ಬಂದ ಹುಡುಗಿ ಲಿಂಗರ್ ಎಂದು ಫೋನಿಗೆ ಹೇಳಿ ತೋರಿಸಿದಳು. ಅದು 'ಕಾಲಹರಣ ಮಾಡು' ಎಂದಿತು. ನಂಬಿಯಾರರ ಪಕ್ಷ ಅದು. ನಾನು ಅವಳಿಗೆ ಬೇರೆ ಪದ ಹೇಳಲು ನೋಡಿದೆ, ಸರಿಯಾದದ್ದು ಹೊಳೆಯಲಿಲ್ಲ. ಅವಳು 'ಬರ್ತೇನೆ ಮೇಡಂ' ಎಂದು ಎದ್ದಳು. ಗೇಟಿನವರೆಗೆ ಕಳುಹಿಸಲು ಹೋದೆ. ಅಲ್ಲಿ ನಿಂತು ಅವಳು, ಕಟಕಟೆಯ ಪಕ್ಕ ನಿಂತಾಗ ಕಾಲು ನಡುಗುತ್ತದೆ ಎಂದು ಹೇಳಿದಳು. ಒಳಗೆ ಚಹಾ ಕುಡಿಯುವಾಗ ಹೇಳಿರಲಿಲ್ಲ. ನನಗೂ ನಡುಗುತ್ತಿತ್ತು ಎಂದೆ. ಫೋನಿನಲ್ಲಿ ಇಲ್ಲದ್ದು ಇದು, ನೋಡಿಕೊಳ್ಳಿ.

ನಾನು ನಿವೃತ್ತಳಾದ ದಿನದ ಮಾತು ಹೇಳಿ ಮುಗಿಸುತ್ತೇನೆ. ಕೇಕು, ಭಾಷಣ, ಗೋಡೆ ಗಡಿಯಾರ ಎಲ್ಲ ಆಯಿತು. ಎಲ್ಲರಿಗೂ ಬರ್ತೇನೆ ಎಂದು ಹೇಳಿ ಹೊರಗೆ ಬಂದೆ. ಬಸ್ಸು ಬಂತು, ಹತ್ತಲಿಲ್ಲ. ಗಡಿಯಾರ ಅಪ್ಪಿಕೊಂಡು ಕೋರ್ಟಿನ ಗೇಟಿನಲ್ಲಿ ನಿಂತೇ ಇದ್ದೆ. ಇಷ್ಟು ವರ್ಷ ಬೇರೆಯವರ ಬಾಯಲ್ಲೇ ಮಾತಾಡಿದವಳು, ಇನ್ನು ನನ್ನ ಬಾಯಲ್ಲಿ ಎಂತ ಹೇಳುವುದು ಎಂದು ತಿಳಿಯದೆ ಅಳು ಬರುತ್ತಿತ್ತು. ಆಗ ನಂಬಿಯಾರರ ಕಾರು ಹೊರಗೆ ಬಂತು. ಗಾಜು ಇಳಿಸಿದರು.

"ಲಾಯ್ಟರಿಂಗಾ ಮೇಡಂ?"

ನಾನು ನಾಲಗೆಯಲ್ಲಿ 'ಚ್' ಎಂದೆ.

ನಿಮ್ಮ ಪದದಿಂದ ನನ್ನ ಮರ್ಯಾದೆ ಹೋಯಿತು, ಗೊತ್ತುಂಟಾ ಎಂದರು. ಕಾರ್ಮಿನ್ ಬಾಯಿಗೆ ಮೊಣಕಾಲಿನ ಆಪರೇಷನ್ ಆಗಿದೆಯಂತೆ, ನಡೆಯುವಂತಿಲ್ಲವಂತೆ. ಈಗ ದಿನಾ ಬೆಳಿಗ್ಗೆ ಅವರ ಹಾಲಿನ ಕ್ಯಾನನ್ನು ಸೊಸೈಟಿಗೆ ಹೊತ್ತುಕೊಂಡು ಹೋಗುವುದು ಈಶ್ವರ ಭಟ್ಟರು. ನನ್ನ ಕಕ್ಷಿದಾರ, ನಾನು ಫೀಸು ತೆಗೆದುಕೊಂಡು ಮುಚ್ಚಿಸಲು ನೋಡಿದ ದಾರಿಯಲ್ಲಿ, ವಾದಿಯ ಹಾಲು ಹೊರುತ್ತಾನೆ. ಬಾರ್ ಅಸೋಸಿಯೇಷನ್‌ನಲ್ಲಿ ತಲೆ ಎತ್ತುವ ಹಾಗಿಲ್ಲ ಎಂದು ಗೊಣಗಿದರು.

ನನಗೆ ನಗು ಬಂತು, ಅಳುವೂ ಬಂತು. ಹಿಂದಿನಿಂದ ಯಾರೋ ಹಾರ್ನ್ ಹಾಕಿದರು. ನಂಬಿಯಾರರು ಕಾರನ್ನು ಬದಿಗೆ ತೆಗೆದು, ಎಂಜಿನ್ ಆಫ್ ಮಾಡಿ, ಕರಿಕೋಟನ್ನು ಸೀಟಿನ ಮೇಲೆ ಬಿಟ್ಟು ಇಳಿದು ಬಂದರು. ನನ್ನ ಕೈಯಿಂದ ಗಡಿಯಾರ ತೆಗೆದುಕೊಂಡು ಗೇಟಿನ ಕಂಬಕ್ಕೆ ಒರಗಿ ನಿಂತರು.

"ಮತ್ತೆಂತ?" ಎಂದರು.